ಮಹಾರಾಜ ಕಾಲೇಜಿನಿಂದ ಸಂವಿಧಾನ ಸಭೆಗೆ

ಇಪ್ಪತ್ತನೆಯ ಶತಮಾನಕ್ಕೆ ಐದು ವರ್ಷ ತುಂಬಿದ್ದ ಕಾಲ. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಗ್ರಂಥ ಲಿಪಿಯ ಓಲೆಗರಿ ಕಟ್ಟೊಂದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು ಸೇರಿತ್ತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಹಳೆಯ ಗ್ರಂಥಗಳಲ್ಲಿ ಹೆಸರು ಮಾತ್ರ ಉಳಿದು, ಇನ್ನು ಸಿಗಲಾರದೆಂದು ಎಲ್ಲರೂ ಕೈಬಿಟ್ಟಿದ್ದ, ರಾಜ್ಯಭಾರವನ್ನು ಕುರಿತ ಕೌಟಿಲ್ಯನ ಅರ್ಥಶಾಸ್ತ್ರವೇ ಅದಾಗಿತ್ತು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಶಾಸ್ತ್ರಿಗಳದೇ ಇಂಗ್ಲಿಷ್ ಅನುವಾದ ಹೊರಬಂತು.

ಆ ಓಲೆಗರಿಗಳು ಎಬ್ಬಿಸಿದ ಅಲೆ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಅದಕ್ಕೂ ಹಿಂದಿನ ಐವತ್ತು ವರ್ಷಗಳ ಮಾತನ್ನು ಕೇಳಬೇಕು. ಭಾರತದ ಮೇಲೆ ಅಕ್ಕರೆಯಿದ್ದ ಮ್ಯಾಕ್ಸ್ ಮುಲ್ಲರನೇ 1859ರಲ್ಲಿ, ಹಿಂದೂಗಳು ತತ್ತ್ವಜ್ಞಾನಿಗಳ ಜನಾಂಗ, ಲೋಕದ ರಾಜಕೀಯ ಚರಿತ್ರೆಯಲ್ಲಿ ಅವರಿಗೆ ಸ್ಥಾನವಿಲ್ಲ ಎಂಬರ್ಥದ ಮಾತು ಬರೆದಿದ್ದ. ಹೊಗಳಿಕೆಯ ಹೊದಿಕೆಯಲ್ಲಿದ್ದ ತೀರ್ಪು ಅದು. ತತ್ತ್ವ ನಿಮಗೆ, ರಾಜ್ಯಭಾರ ನಮಗೆ ಎಂದು ಆಳುವವರು ಅದನ್ನು ಹಂಚಿಕೆಯ ಪತ್ರದಂತೆ ಓದಿಕೊಂಡರು. ಮಿಷನ್ ಕಾಲೇಜುಗಳ ಉಪನ್ಯಾಸಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜಗತ್ತೇ ಮಾಯೆ ಎನ್ನುವ ವೇದಾಂತದಲ್ಲಿ ನೀತಿಗೆ ಜಾಗವೆಲ್ಲಿ, ಪಕ್ಕದವನ ಹಸಿವು ಮಿಥ್ಯೆಯಾದರೆ ಅನ್ನ ಹಾಕುವವರು ಯಾರು ಎಂದು ಕೇಳಿದರು.

ಕೇಳಿದ್ದು ಪೂರ್ತಿ ಅನ್ಯಾಯದ ಪ್ರಶ್ನೆಯಲ್ಲ. ಆದರೆ ಕೇಳಿದವನ ಕೈಯಲ್ಲಿ ಅಧಿಕಾರವಿತ್ತು. ಹಾಗಾಗಿ ಮುಂದಿನ ನಲವತ್ತು ವರ್ಷ ಭಾರತದಲ್ಲಿ ತತ್ತ್ವಶಾಸ್ತ್ರ ಬರೆದವರಲ್ಲಿ ಬಹುಮಂದಿ, ಒಪ್ಪಿದರೂ ಒಪ್ಪದಿದ್ದರೂ, ಪ್ರತಿವಾದಿಯ ಕಟಕಟೆಯಲ್ಲಿ ನಿಂತೇ ಬರೆದರು. ಸ್ವತಂತ್ರ ಭಾರತ ತನ್ನನ್ನು ತಾನು ಹೇಗೆ ಕಂಡುಕೊಂಡಿತು ಎಂಬ ಕಥೆಯ ಒಂದು ಬೇರು ಈ ಕಟಕಟೆಯಲ್ಲಿದೆ.

ಮದ್ರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎ.ಜಿ. ಹಾಗ್ ಎಂಬ ಪ್ರೊಫೆಸರರ ಶಿಷ್ಯನಾಗಿದ್ದ ತಿರುತ್ತಣಿಯ ತರುಣ ಸರ್ವೆಪಲ್ಲಿ ರಾಧಾಕೃಷ್ಣನ್ 1908ರಲ್ಲಿ ಎಂ.ಎ. ಪದವಿಗಾಗಿ ಬರೆದ ಪ್ರಬಂಧದ ವಿಷಯ ವೇದಾಂತದ ನೀತಿಶಾಸ್ತ್ರ. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲ ಎಂಬ ಆಪಾದನೆಗೇ ಕೊಟ್ಟ ಉತ್ತರ. ಆಗ ಅವರಿಗೆ ಇಪ್ಪತ್ತು ವರ್ಷ. ಹಾಗ್ ಶಿಷ್ಯನ ಬುದ್ಧಿಯನ್ನು ಮೆಚ್ಚಿ ಪ್ರಶಂಸಾಪತ್ರ ಕೊಟ್ಟರು. ಕ್ರೈಸ್ತ ವಿಮರ್ಶಕರ ಸವಾಲೇ ತನ್ನನ್ನು ಹಿಂದೂ ಧರ್ಮದ ಅಧ್ಯಯನಕ್ಕೆ ದೂಡಿತೆಂದು ರಾಧಾಕೃಷ್ಣನ್ ಮುಂದೆ ತಾವೇ ಬರೆದುಕೊಂಡಿದ್ದಾರೆ.

ಇತ್ತ 1916ರ ಜುಲೈನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬ್ರಿಟಿಷ್ ಪ್ರಾಂತಗಳ ಹೊರಗೆ, ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾನಿಲಯ. ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಮಹಾರಾಜ ಕಾಲೇಜಿಗೆ 1918ರಲ್ಲಿ ರಾಧಾಕೃಷ್ಣನ್ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಠಾಕೂರರ ತತ್ತ್ವವನ್ನು ಕುರಿತ ಅವರ ಪುಸ್ತಕ ಅದೇ ವರ್ಷ ಬೆಳಕು ಕಂಡಿತು, 1920ರಲ್ಲಿ ಇನ್ನೊಂದು. ಅದೇ ಕಾಲೇಜಿನಲ್ಲಿ ಪಾರ್ಸಿ ವಿದ್ವಾಂಸ ಎ.ಆರ್. ವಾಡಿಯಾ ಇದ್ದರು, 1923ರಷ್ಟು ಹಿಂದೆಯೇ ಸ್ತ್ರೀವಾದದ ನೀತಿಯ ಮೇಲೆ ಗ್ರಂಥ ಬರೆದ ಮನುಷ್ಯ. ಸಂಸ್ಕೃತ ವಿಭಾಗದಲ್ಲಿ ಮಿತಭಾಷಿಯಾದ ಎಂ. ಹಿರಿಯಣ್ಣನವರಿದ್ದರು.

1921ರಲ್ಲಿ ಕಲ್ಕತ್ತೆಯಿಂದ ಆಶುತೋಷ ಮುಖರ್ಜಿಯವರ ಕರೆ ಬಂತು. ಐದನೆಯ ಜಾರ್ಜ್ ಹೆಸರಿನ ತತ್ತ್ವಶಾಸ್ತ್ರ ಪೀಠಕ್ಕೆ ರಾಧಾಕೃಷ್ಣನ್ ಹೊರಟು ನಿಂತರು. ವಿದ್ಯಾರ್ಥಿಗಳು ಸಾರೋಟಿಗೆ ಹೂವು ಕಟ್ಟಿ, ಕುದುರೆ ಬಿಚ್ಚಿ, ತಾವೇ ನೊಗ ಹಿಡಿದು ರೈಲ್ವೆ ಸ್ಟೇಷನ್ನಿನವರೆಗೆ ಎಳೆದ ಪ್ರಸಂಗವನ್ನು ಮೈಸೂರು ಇನ್ನೂ ಮರೆತಿಲ್ಲ. ಶಿಕ್ಷಕರ ದಿನದ ಭಾಷಣಗಳಲ್ಲಿ ಸವೆದು ಹೋಗಿರುವ ಕಥೆ ಇದು. ಅದರ ಇನ್ನೊಂದು ಮಗ್ಗುಲನ್ನು ಮಾತ್ರ ಯಾರೂ ಹೇಳುವುದಿಲ್ಲ. ಕಲ್ಕತ್ತೆಯ ಆ ಪೀಠದಿಂದ ಎದ್ದು ಬಂದ ಬ್ರಜೇಂದ್ರನಾಥ ಸೀಲರು ಮೈಸೂರಿನ ಕುಲಪತಿಯಾದರು. ಒಂದು ರೀತಿಯಲ್ಲಿ ಎರಡು ಊರುಗಳು ತಮ್ಮ ತತ್ತ್ವಜ್ಞರನ್ನು ಅದಲುಬದಲು ಮಾಡಿಕೊಂಡವು.

ಸೀಲರು ವಿವೇಕಾನಂದರ ಸಹಪಾಠಿ. ವಿವೇಕಾನಂದರು ಪರಿವ್ರಾಜಕರಾಗಿ 1892ರಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿ ಮೈಸೂರಿನಲ್ಲಿ ತಂಗಿದ್ದರು. ಗೆಳೆಯ ಮೂವತ್ತು ವರ್ಷ ತಡವಾಗಿ ಅದೇ ಊರಿಗೆ ಬಂದ. ಪ್ರಾಚೀನ ಹಿಂದೂಗಳ ಭೌತವಿಜ್ಞಾನಗಳನ್ನು ಕುರಿತ ಸೀಲರ ಗ್ರಂಥ 1915ರದು. ಅದೂ ಒಂದು ಉತ್ತರವೇ: ತರ್ಕ, ರಸಾಯನ, ಯಂತ್ರವಿಚಾರಗಳು ನಮ್ಮಲ್ಲೂ ಇದ್ದವು ಎಂಬ ಉತ್ತರ. ಆದರೆ ಮೈಸೂರಿನಲ್ಲಿ ಅವರಿಗೆ ಬೇರೊಂದು ಕೆಲಸ ಕಾದಿತ್ತು. 1881ರಲ್ಲಿ ರಂಗಾಚಾರ್ಲು ಸ್ಥಾಪಿಸಿದ್ದ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಬಲವಿರಲಿಲ್ಲ. ಸಂಸ್ಥಾನದ ರಾಜ್ಯಾಂಗ ಸುಧಾರಣೆಗೆ ಸಮಿತಿಯೊಂದನ್ನು ನೇಮಿಸಿ ಮಹಾರಾಜರು ಸೀಲರನ್ನು ಅದರ ಅಧ್ಯಕ್ಷರನ್ನಾಗಿ ಮಾಡಿದರು. 1923ರ ಅವರ ವರದಿಯ ನಂತರ ಸಭೆ ಶಾಸನಬದ್ಧವಾಯಿತು. ಹೊಸ ತೆರಿಗೆಗೆ, ಹೊಸ ಕಾನೂನಿನ ಮೂಲತತ್ತ್ವಗಳಿಗೆ ಅದರ ಅಭಿಪ್ರಾಯ ಕೇಳಬೇಕಾಯಿತು. ಜವಾಬ್ದಾರಿ ಸರ್ಕಾರವನ್ನು ಮಾತ್ರ ಸೀಲರು ಕೊಡಲಿಲ್ಲ. ದಿವಾನ ಮಹಾರಾಜರಿಗೇ ಉತ್ತರಿಸಬೇಕಾದವನಾಗಿ ಉಳಿದ. ಅಲ್ಲಿಗೆ ತತ್ತ್ವಜ್ಞ ರಾಜನ ಮುಂದೆ ನಿಂತುಬಿಟ್ಟನೆಂದು ಆ ಕಾಲದ ಕಾಂಗ್ರೆಸ್ಸಿಗರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೂ ಭಾರತದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕನೊಬ್ಬ ಪಾಠದ ಕೋಣೆಯಿಂದ ಎದ್ದುಹೋಗಿ ರಾಜ್ಯಾಂಗದ ಕರಡಿಗೆ ಕೈಹಾಕಿದ್ದು ಸಣ್ಣ ಸಂಗತಿಯಲ್ಲ.

ಮುಂದಿನ ಹದಿನೈದು ವರ್ಷ ರಾಧಾಕೃಷ್ಣನ್ನರ ಕೀರ್ತಿಯ ಏರುಗಾಲ. ಭಾರತೀಯ ತತ್ತ್ವಶಾಸ್ತ್ರದ ಎರಡು ಸಂಪುಟಗಳು 1923 ಮತ್ತು 1927ರಲ್ಲಿ ಹೊರಬಂದವು. 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸಗಳು ಮರುವರ್ಷ ಹಿಂದೂ ಜೀವನದೃಷ್ಟಿಯನ್ನು ಕುರಿತ ಪುಟ್ಟ ಪುಸ್ತಕವಾದವು. 1936ರಲ್ಲಿ ಆಕ್ಸ್‌ಫರ್ಡಿನಲ್ಲೇ ಪೌರಸ್ತ್ಯ ಧರ್ಮಗಳ ಪೀಠ. ಅವರ ಇಂಗ್ಲಿಷಿನಲ್ಲಿ ಶಂಕರರು ಪ್ಲೇಟೋನ ಪಕ್ಕ ಕೂರುತ್ತಿದ್ದರು, ಉಪನಿಷತ್ತು ಹೆಗೆಲನಿಗೆ ಮಾತು ಕಲಿಸುತ್ತಿತ್ತು. ಭಾರತದಿಂದ ಬಂದ ತರುಣರು ಲಂಡನ್ನಿನ ಪುಸ್ತಕದಂಗಡಿಯಲ್ಲಿ ಆ ಸಂಪುಟಗಳನ್ನು ಕಂಡು ಎದೆಯುಬ್ಬಿಸಿದರೆ ಅದರಲ್ಲಿ ತಪ್ಪೇನಿತ್ತು? ಅವಮಾನ ನುಂಗಿದ ನಾಡಿಗೆ ತಲೆಯೆತ್ತುವ ಮಾತು ಬೇಕಿತ್ತು. ರಾಧಾಕೃಷ್ಣನ್ ಅದನ್ನು ಕೊಟ್ಟರು.

ಹಿರಿಯಣ್ಣನವರದು ಬೇರೆಯೇ ಜಾಡು. ಓರಿಯಂಟಲ್ ಲೈಬ್ರರಿಯ ಗ್ರಂಥಪಾಲಕರಾಗಿ ಕೆಲಸ ಆರಂಭಿಸಿ, ಮೇಷ್ಟರಾಗಿ, ಕೊನೆಗೆ ಮಹಾರಾಜ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕರಾಗಿ 1927ರಲ್ಲಿ ನಿವೃತ್ತರಾದವರು. ವರ್ಷವರ್ಷವೂ ಮೈಸೂರಿನ ವಿದ್ಯಾರ್ಥಿಗಳಿಗೆ ಹೇಳಿದ ಪಾಠಗಳನ್ನೇ ಆಧಾರವಾಗಿಟ್ಟುಕೊಂಡು ಬರೆದ ಗ್ರಂಥ 1932ರಲ್ಲಿ ಲಂಡನ್ನಿನಿಂದ ಪ್ರಕಟವಾಯಿತು. ಅದರಲ್ಲಿ ಯಾರಿಗೂ ಉತ್ತರ ಕೊಡುವ ಆತುರವಿಲ್ಲ. ಪಶ್ಚಿಮದ ಮೆಚ್ಚುಗೆಗಾಗಿ ಕಾದ ಕುರುಹಿಲ್ಲ. ವೇದದಿಂದ ಹೊರಟ ಧಾರೆಯೊಂದು, ವೇದವನ್ನು ಒಪ್ಪದೆ ಹೊರಟ ಧಾರೆಯೊಂದು, ಇವೆರಡರ ಕೊಡುಕೊಳೆಯಲ್ಲಿ ಭಾರತೀಯ ಚಿಂತನೆ ಬೆಳೆಯಿತು ಎಂಬುದು ಅವರ ನಿಲುವು. ಬೌದ್ಧರ ವಾದವನ್ನು ಹೇಳುವಾಗ ಬೌದ್ಧನೇ ಕುಳಿತು ಹೇಳಿದಂತಿರುತ್ತದೆ. ಮೀಮಾಂಸಕನ ಸರದಿ ಬಂದಾಗ ಮೀಮಾಂಸಕ. ನಮ್ಮ ಶಾಸ್ತ್ರಗಳಲ್ಲಿ ಪೂರ್ವಪಕ್ಷವನ್ನು, ಎಂದರೆ ಎದುರಾಳಿಯ ವಾದವನ್ನು, ಅದರ ಪೂರ್ಣ ಬಲದಲ್ಲಿ ನಿಲ್ಲಿಸಿದ ಮೇಲೆಯೇ ಸಿದ್ಧಾಂತಕ್ಕೆ ಕೈಹಾಕುವ ಕ್ರಮವಿದೆಯಲ್ಲ, ಅದನ್ನು ಹಿರಿಯಣ್ಣನವರು ಇಂಗ್ಲಿಷ್ ಗದ್ಯದಲ್ಲೂ ಬಿಟ್ಟುಕೊಡಲಿಲ್ಲ. ಒಂದು ವಾಕ್ಯ ಹೆಚ್ಚಿಲ್ಲ, ಒಂದು ವಿಶೇಷಣ ಅನಗತ್ಯವಾಗಿಲ್ಲ.

ರಾಷ್ಟ್ರ ತನ್ನ ಧ್ವನಿಗಾಗಿ ಹುಡುಕಿದಾಗ ಆರಿಸಿಕೊಂಡದ್ದು ರಾಧಾಕೃಷ್ಣನ್ನರನ್ನು. ವೇದಿಕೆಗೆ ಆ ಕಂಠವೇ ಸರಿ. ಆದರೆ ಗಣರಾಜ್ಯ ನಡೆಸಲು ಬೇಕಾಗುವ ಅಭ್ಯಾಸವೊಂದು ಹಿರಿಯಣ್ಣನವರ ಪುಟಗಳಲ್ಲೇ ಹೆಚ್ಚು ಸಿಗುತ್ತದೆಂದು ಈ ಲೇಖಕನ ಎಣಿಕೆ.

ಇದೇ ಹೊತ್ತಿನಲ್ಲಿ ಬಂಗಾಳದ ಕೃಷ್ಣಚಂದ್ರ ಭಟ್ಟಾಚಾರ್ಯರು ವಿಚಾರಗಳಲ್ಲಿ ಸ್ವರಾಜ್ಯ ಎಂಬ ಉಪನ್ಯಾಸ ಕೊಟ್ಟಿದ್ದರು. ದೇಶ ಬಿಡುಗಡೆಯಾದರೂ ಬುದ್ಧಿ ಇನ್ನೊಬ್ಬರ ಅಳತೆಗೋಲಿನಲ್ಲೇ ಅಳೆಯುತ್ತಿದ್ದರೆ ಅದು ಕಣ್ಣಿಗೆ ಕಾಣದ ದಾಸ್ಯ ಎಂಬುದು ಅದರ ತಿರುಳು. ಅದು ಅಚ್ಚಾದದ್ದು 1954ರಲ್ಲಿ, ಸ್ವರಾಜ್ಯ ಬಂದು ಏಳು ವರ್ಷವಾದ ಮೇಲೆ.

ಕಟಕಟೆಯ ಆಚೆ ನಿಂತು ಬೇರೆಯೇ ಪ್ರಶ್ನೆ ಎತ್ತಿದವರು ಭೀಮರಾವ್ ಅಂಬೇಡ್ಕರ್. 1936ರಲ್ಲಿ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಸಮ್ಮೇಳನದ ಅಧ್ಯಕ್ಷತೆಗೆ ಕರೆಯಿತು. ಭಾಷಣದ ಪ್ರತಿ ಓದಿದ ಮೇಲೆ ಮಂಡಲ ಹಿಂಜರಿಯಿತು, ಸಮ್ಮೇಳನವೇ ರದ್ದಾಯಿತು. ಅಂಬೇಡ್ಕರರು ಜಾತಿ ವಿನಾಶದ ಆ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಕೊಲಂಬಿಯಾದಲ್ಲಿ ತಮಗೆ ಗುರುವಾಗಿದ್ದ ಜಾನ್ ಡ್ಯೂಯಿಯನ್ನು ಅದರಲ್ಲಿ ನೆನೆದರು. ಸಂಪ್ರದಾಯದಲ್ಲಿ ಬಂದದ್ದನ್ನೆಲ್ಲ ಸಮಾಜ ಹೊತ್ತು ಸಾಗಿಸಬೇಕಿಲ್ಲ, ಮುಂದಿನ ಬಾಳಿಗೆ ಬೇಕಾದದ್ದನ್ನು ಆರಿಸಿಕೊಳ್ಳಬೇಕು ಎಂಬ ಪಾಠವನ್ನು ಅಲ್ಲಿಂದ ತಂದರು. ಹಾಗೆಯೇ ರಾಧಾಕೃಷ್ಣನ್ನರ ಪುಸ್ತಕವನ್ನು ಹೆಸರಿಟ್ಟು ಎತ್ತಿಕೊಂಡರು. ಸಾವಿರಾರು ವರ್ಷದ ಹೊಡೆತಗಳನ್ನು ತಾಳಿ ಹಿಂದೂ ನಾಗರಿಕತೆ ಬದುಕಿ ಉಳಿದಿದೆ ಎಂಬುದು ಅಲ್ಲಿ ದೊಡ್ಡ ವಾದ. ಅಂಬೇಡ್ಕರರ ಪ್ರತ್ಯುತ್ತರ ಚಿಕ್ಕದು, ಹರಿತವಾದದ್ದು: ಉಳಿದಿದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ, ಯಾವ ಮಟ್ಟದಲ್ಲಿ ಉಳಿದಿದೆ ಎಂಬುದು ಪ್ರಶ್ನೆ. ಸೋತು ಓಡಿದವನೂ ಬದುಕಿರುತ್ತಾನೆ, ಗೆದ್ದು ನಿಂತವನೂ ಬದುಕಿರುತ್ತಾನೆ.

ಬ್ರಿಟಿಷರ ಆಪಾದನೆಗೆ ಕೊಟ್ಟ ಉತ್ತರ ಎಷ್ಟೇ ಭವ್ಯವಾಗಿರಲಿ, ಕೆರೆಯ ನೀರು ಮುಟ್ಟಲಾಗದವನ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಅವನಿಗೆ ವಾದಿ ಪ್ರತಿವಾದಿ ಇಬ್ಬರೂ ಮೇಲಿನವರೇ.

1947ರ ಜುಲೈ 22ರಂದು ದಿಲ್ಲಿಯ ಸಂವಿಧಾನ ಸಭೆಯಲ್ಲಿ ನೆಹರೂ ರಾಷ್ಟ್ರಧ್ವಜದ ನಿರ್ಣಯ ಮಂಡಿಸಿದರು. ಕಾಂಗ್ರೆಸ್ ಬಾವುಟದ ಚರಕ ಹೋಗಿ ಸಾರನಾಥದ ಸ್ತಂಭದ ಚಕ್ರ ಬಂದಿತ್ತು. ಅಶೋಕನ ಹೆಸರು ಧ್ವಜದೊಡನೆ ಸೇರಿದ್ದಕ್ಕೆ ನೆಹರೂ ಹಿಗ್ಗಿದರು. ಅಂದು ಸಭೆಯ ಸದಸ್ಯರಾಗಿದ್ದ ರಾಧಾಕೃಷ್ಣನ್ ಎದ್ದುನಿಂತು ಬಣ್ಣಗಳಿಗೆ ತತ್ತ್ವದ ಅರ್ಥ ಕಟ್ಟಿದರು. ಕೇಸರಿ ತ್ಯಾಗ, ಆಳುವವರು ಲಾಭದಾಸೆ ಬಿಡಬೇಕೆಂಬ ಸೂಚನೆ. ಬಿಳುಪು ಸತ್ಯದ ದಾರಿ. ಹಸಿರು ನೆಲದ ನಂಟು. ಚಕ್ರ ಧರ್ಮ, ನಿಲ್ಲದ ಚಲನೆ. ಈ ಬಣ್ಣ ಹಿಂದೂಗಳದು, ಆ ಬಣ್ಣ ಮುಸ್ಲಿಮರದು ಎಂದು ಲೆಕ್ಕ ಹಾಕುತ್ತಿದ್ದ ಕಾಲ. ಪಂಜಾಬು ಹೊತ್ತಿ ಉರಿಯುತ್ತಿದ್ದ ವರ್ಷ. ಬಣ್ಣಗಳನ್ನು ಮತಗಳಿಂದ ಬಿಡಿಸಿ ಮೌಲ್ಯಗಳಿಗೆ ಕಟ್ಟಿದ್ದು ಅಂದು ತತ್ತ್ವಶಾಸ್ತ್ರ ದೇಶಕ್ಕೆ ಮಾಡಿದ ನೇರ ಉಪಕಾರ.

ಅಶೋಕನೆಂದರೆ ಕನ್ನಡ ನೆಲ ನೆನಪಾಗಲೇಬೇಕು. 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯ ಗುಟ್ಟು ಬಿಡಿಸಿದ ಮೇಲೂ ಬಹುಕಾಲ ಶಾಸನಗಳಲ್ಲಿ ಕಾಣುತ್ತಿದ್ದವನು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ರಾಜ; ಇವನೇ ಅಶೋಕನೆಂದು ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಹೇಳಬೇಕಾಗಿತ್ತು. 1892ರಲ್ಲಿ ಬಿ.ಎಲ್. ರೈಸ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳನ್ನು ಬೆಳಕಿಗೆ ತಂದರು. ಆಮೇಲೆ 1915ರಲ್ಲಿ, ಆಗ ನಿಜಾಮರ ಸೀಮೆಯಾಗಿದ್ದ ರಾಯಚೂರಿನ ಮಸ್ಕಿಯಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಶಾಸನದಲ್ಲಿ ಅಶೋಕ ಎಂಬ ಹೆಸರೇ ಕೊರೆದಿತ್ತು. ಅರ್ಥಶಾಸ್ತ್ರದ ಅನುವಾದ ಬಂದ ವರ್ಷವೂ ಅದೇ. ಮೊಮ್ಮಗನ ಹೆಸರೂ ತಾತನ ಮಂತ್ರಿಯದೆಂದು ನಂಬಿದ ಗ್ರಂಥದ ಅನುವಾದವೂ ಒಂದೇ ವರ್ಷ ಲೋಕದ ಮುಂದೆ ಬಂದವು. (ಆ ಗ್ರಂಥ ನಿಜಕ್ಕೂ ಮೌರ್ಯರ ಕಾಲದ್ದೇ ಎಂಬ ಬಗ್ಗೆ ಇಂದಿನ ವಿದ್ವಾಂಸರಿಗೆ ಅನುಮಾನವಿದೆ. ರಾಷ್ಟ್ರ ಕಟ್ಟುವವರಿಗೆ ಆಗ ಆ ಅನುಮಾನಕ್ಕೆ ಪುರುಸೊತ್ತಿರಲಿಲ್ಲ. ದಿಲ್ಲಿಯ ರಾಯಭಾರಿಗಳ ಬಡಾವಣೆಗೆ ಚಾಣಕ್ಯಪುರಿ ಎಂದು ಹೆಸರಿಟ್ಟರು.)

1947ರ ಆಗಸ್ಟ್ 14ರ ರಾತ್ರಿ ನೆಹರೂ ಮಾತನಾಡಿದ ಮೇಲೆ ರಾಧಾಕೃಷ್ಣನ್ನರ ಸರದಿಯೂ ಬಂತು. ಹನ್ನೆರಡು ಹೊಡೆಯುವವರೆಗೆ ಮಾತು ಸಾಗಬೇಕು, ಮೀರಬಾರದು. ದೊರೆತ ಬಿಡುಗಡೆಯನ್ನು ಹೊಗಳಿ ಮುಗಿಸಬಹುದಿತ್ತು. ಅವರು ಹಾಗೆ ಮಾಡದೆ, ದಾಸ್ಯಕ್ಕೆ ನಮ್ಮ ದೋಷಗಳೂ ಕಾರಣವೆಂದರು; ಯೋಗ್ಯತೆಯನ್ನು ಮೀರಿ ಅಧಿಕಾರ ಬೆಳೆದರೆ ಕೆಟ್ಟ ದಿನ ಬರುತ್ತದೆಂದರು; ಲಂಚ, ಸ್ವಜನಪಕ್ಷಪಾತ, ಕಾಳಸಂತೆಗಳ ಹೆಸರನ್ನು ಆ ಶುಭಮುಹೂರ್ತದಲ್ಲೇ ಎತ್ತಿದರು.

ಸಂವಿಧಾನ ಸಭೆಯಲ್ಲಿ ಪೂರ್ವಪಕ್ಷಕ್ಕೆ ಬರವಿರಲಿಲ್ಲ. 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯ ಚರ್ಚೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ದೇವರ ಹೆಸರಿನಲ್ಲಿ ಎಂದು ಸಂವಿಧಾನ ಆರಂಭವಾಗಬೇಕೆಂದು ತಿದ್ದುಪಡಿ ತಂದರು. ಗೀತೆ ಓದಿದವರು, ದೈವಭಕ್ತರು ತುಂಬಿದ್ದ ಸಭೆ ಅದು. ನಂಬಿಕೆಯ ವಿಚಾರದಲ್ಲಿ ಸಮೂಹದ ಮಾತನ್ನು ವ್ಯಕ್ತಿಯ ಮೇಲೆ ಹೇರಬಾರದೆಂದು ಹೃದಯನಾಥ ಕುಂಜ್ರು ವಾದಿಸಿದರು. ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ಗುರಿಮಾಡಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಕೈಯೆತ್ತಿ ಎಣಿಸಿದಾಗ ಪರ 41, ವಿರುದ್ಧ 68. ದೇವರು ಸೋತ. ಭಕ್ತರ ಬಹುಮತದಿಂದಲೇ ಸೋತ ಎಂಬುದು ಆ ದಿನದ ಸೊಗಸು. ಪಕ್ಕದಲ್ಲಿ ಕುಳಿತ ನಾಸ್ತಿಕನಿಗೂ ಈ ಗ್ರಂಥ ತನ್ನದೆನಿಸಬೇಕೆಂಬ ಎಚ್ಚರ ಆ ಕೈಗಳಲ್ಲಿತ್ತು. ಒಂದು ತಿಂಗಳ ನಂತರ ಮೈಸೂರಿನ ಕೆಂಗಲ್ ಹನುಮಂತಯ್ಯನವರು ಎದ್ದು, ನಮಗೆ ಬೇಕಾಗಿದ್ದುದು ವೀಣೆಯ ನಾದ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಎಂದು ಸಂಕಟಪಟ್ಟರು. ಅದೂ ದಾಖಲಾಯಿತು. ಅದೇ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿ ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಎಂದು ಬರೆಯಲಾಯಿತು. ದಿಲ್ಲಿಯಲ್ಲಿ ಮತದಿಂದ ಹೊರಬಿದ್ದ ದೇವರಿಗೆ ಬೆಂಗಳೂರಿನಲ್ಲಿ ಕಲ್ಲಿನ ಗೋಡೆ ಸಿಕ್ಕಿತು.

ನವೆಂಬರ್ 25ರಂದು ಅಂಬೇಡ್ಕರರು ಕರಡಿನ ಮೇಲಿನ ಕೊನೆಯ ಮಾತಾಡುವಾಗ ಭಾರತಕ್ಕೆ ಗಣರಾಜ್ಯ ಹೊಸತಲ್ಲ, ಸಭೆಯ ನಡವಳಿಕೆಯ ನಿಯಮಗಳು ಬೌದ್ಧ ಭಿಕ್ಷು ಸಂಘಗಳಲ್ಲೇ ಇದ್ದವು ಎಂದರು. ಅಷ್ಟಕ್ಕೆ ನಿಂತಿದ್ದರೆ ಅದೂ ಹಳೆಯ ಕಟಕಟೆಯ ಉತ್ತರವಾಗುತ್ತಿತ್ತು. ಅವರು ಮುಂದುವರಿದು, ಅದನ್ನು ಕಳೆದುಕೊಂಡೆವು, ಮತ್ತೆ ಕಳೆದುಕೊಳ್ಳಬಹುದು ಎಂದು ಎಚ್ಚರಿಸಿದರು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯ ಹೊತ್ತುಕೊಂಡೇ ದೇಶ ಗಣರಾಜ್ಯಕ್ಕೆ ಕಾಲಿಡುತ್ತಿದೆ ಎಂದರು. 1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ತಾನು ಫ್ರೆಂಚ್ ಕ್ರಾಂತಿಯಿಂದ ತಂದಿಲ್ಲ, ಬುದ್ಧನಿಂದ ಕಲಿತೆ ಎಂದು ಹೇಳಿಕೊಂಡರು.

ಈ ನಡುವೆ ರಾಧಾಕೃಷ್ಣನ್ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗದ ಅಧ್ಯಕ್ಷರಾಗಿ 1949ರಲ್ಲಿ ವರದಿ ಒಪ್ಪಿಸಿದ್ದರು. ಪದವಿಯ ಮೊದಲ ವರ್ಷ ಬುದ್ಧ, ಸಾಕ್ರೆಟಿಸ್, ಯೇಸು, ಮಹಮ್ಮದ್, ಕಬೀರ, ನಾನಕರ ಬಾಳು; ಎರಡನೆಯ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ; ಮೂರನೆಯ ವರ್ಷ ಧರ್ಮದ ತತ್ತ್ವಶಾಸ್ತ್ರ; ದಿನದ ಮೊದಲು ಕೆಲವು ನಿಮಿಷ ಮೌನಧ್ಯಾನ. ಬಹುಪಾಲು ಕಾಗದದಲ್ಲೇ ಉಳಿಯಿತು. ಹೊಸ ದೇಶಕ್ಕೆ ಎಂಜಿನಿಯರುಗಳ ಅವಸರವಿತ್ತು. 1950ರಲ್ಲಿ ಹಿರಿಯಣ್ಣನವರು ತೀರಿಕೊಂಡರು; ಬಿಡಿ ಲೇಖನಗಳನ್ನು ಮೈಸೂರಿನ ಕಾವ್ಯಾಲಯ ಒಂದೊಂದಾಗಿ ಪುಸ್ತಕ ಮಾಡಿತು. 1952ರಲ್ಲಿ ರಾಧಾಕೃಷ್ಣನ್ ಉಪರಾಷ್ಟ್ರಪತಿಯಾದರು.

1956, ಬುದ್ಧನ ಪರಿನಿರ್ವಾಣದ 2500ನೆಯ ವರ್ಷ. ಸರ್ಕಾರ ಜಯಂತಿಯನ್ನು ದೊಡ್ಡದಾಗಿ ನಡೆಸಿತು; ಅದರ ಸಮಿತಿಗೆ ರಾಧಾಕೃಷ್ಣನ್ ಅಧ್ಯಕ್ಷರು. ಆ ಸಂದರ್ಭಕ್ಕೆ ಸರ್ಕಾರ ತಂದ ಗ್ರಂಥದ ಮುನ್ನುಡಿಯಲ್ಲಿ ಬುದ್ಧ ಹೊಸ ಧರ್ಮ ಸಾರಲು ಹೊರಟವನಲ್ಲ, ಹಿಂದೂವಾಗಿ ಹುಟ್ಟಿ ಹಿಂದೂವಾಗಿಯೇ ತೀರಿಕೊಂಡ ಎಂಬ ನಿಲುವು ತಳೆದರು. ಅದೇ ಹೊತ್ತಿಗೆ ಅಂಬೇಡ್ಕರರು ಬುದ್ಧ ಮತ್ತು ಅವನ ಧಮ್ಮವನ್ನು ಕುರಿತ ತಮ್ಮ ಮಹಾಗ್ರಂಥ ಮುಗಿಸಿದ್ದರು. ಅಲ್ಲಿನ ಬುದ್ಧ ಹಿಂದೂ ಧರ್ಮದ ಸುಧಾರಕನಲ್ಲ, ಅದನ್ನು ಮುರಿದು ಹೊರಟವನು. 1936ರ ವಾದ ಇಪ್ಪತ್ತು ವರ್ಷದ ಮೇಲೆ, ಈಗ ಧ್ವಜದ ಮೇಲಿನ ಚಕ್ರ ಯಾರದು ಎಂಬ ರೂಪದಲ್ಲಿ, ಮತ್ತೆ ಎದ್ದು ನಿಂತಿತು.

ಅಂಬೇಡ್ಕರರ ಗ್ರಂಥದ ಅಚ್ಚಿನ ಖರ್ಚು ದೊಡ್ಡದಿತ್ತು. ಜಯಂತಿಗೆ ಬರುವ ವಿದ್ವಾಂಸರಿಗೂ ಗ್ರಂಥಾಲಯಗಳಿಗೂ ಹಂಚಲು ಸರ್ಕಾರ ಸುಮಾರು 500 ಪ್ರತಿ ಕೊಳ್ಳಬಹುದೇ ಎಂದು ಸೆಪ್ಟೆಂಬರ್ 14ರಂದು ಅಂಬೇಡ್ಕರರು ನೆಹರೂಗೆ ಬರೆದರು. ಮರುದಿನವೇ ಉತ್ತರ ಬಂತು: ಪ್ರಕಟಣೆಗೆಂದು ತೆಗೆದಿಟ್ಟ ಹಣ ಮುಗಿದಿದೆ, ಪತ್ರವನ್ನು ಸಮಿತಿಯ ಅಧ್ಯಕ್ಷ ರಾಧಾಕೃಷ್ಣನ್ನರಿಗೆ ಕಳಿಸುತ್ತಿದ್ದೇನೆ, ಜಯಂತಿಯ ಸಮಯದಲ್ಲಿ ದಿಲ್ಲಿಯಲ್ಲಿ ಮಾರಾಟಕ್ಕಿಡಬಹುದು. ಸಮಿತಿಯಿಂದ ಕೊಳ್ಳುವ ಮಾತು ಬರಲಿಲ್ಲ. ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದರು. ಡಿಸೆಂಬರ್ 6ರಂದು ತೀರಿಕೊಂಡರು. ಪುಸ್ತಕವನ್ನು 1957ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು ಪ್ರಕಟಿಸಿತು.